ಶೆನಿನ್, ಸೊವಿನ್ಯೋನ್ ಬೆರೆಸುವುದು ಮತ್ತು ಜೊತೆಗೆ ಏನು ಅಡುಗೆ

ಮೇಡಂ, ಶೆನಿನ್ ಬ್ಲಾಂಕ್, ಸೊವಿನ್ಯೋನ್ ಬ್ಲಾಂಕ್ ಅನ್ನೋ ಬಿಳಿ ವೈನ್ ಒಂದೊಂದು ಬಾಟಲಿ ತಂದಿದ್ದೀನಿ, ಎರಡನ್ನೂ ಬೆರೆಸಿ ಭಾನುವಾರ ಆರು ಜನಕ್ಕೆ ಮೀನೂಟದ ಜೊತೆ ಕೊಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಬಹುದು. ಎರಡೂ ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಹೆಸರು ಮಾಡಿದ ದ್ರಾಕ್ಷಿ ತಳಿಗಳು. ಫ್ರಾನ್ಸಿನದೇ ಬೋರ್ಡೋ ಪ್ರದೇಶದಲ್ಲಿ ಸೊವಿನ್ಯೋನ್‌ನ ಚುರುಕಿಗೆ ಸೆಮಿಯೋನ್ ಅನ್ನೋ ಇನ್ನೊಂದು ಬಿಳಿ ತಳಿ ಬೆರೆಸಿ ರುಚಿ ತುಂಬಿಸುತ್ತಾರೆ. ನಿಮ್ಮ ಮಿಶ್ರಣದಲ್ಲಿ ಆ ಕೆಲಸ ಶೆನಿನ್ ಮಾಡುತ್ತೆ.

ಮೊದಲು ಶೆನಿನ್ ಲೇಬಲ್ ನೋಡಿ. ನಮ್ಮಲ್ಲಿ ಸಿಗುವ ಶೆನಿನ್‌ಗಳಲ್ಲಿ ಅನೇಕವು ತುಸು ಸಿಹಿ ಇರುತ್ತವೆ. ‘ಡ್ರೈ’ (ಅಂದರೆ ಸಿಹಿ ಇಲ್ಲದ್ದು) ಅಂತ ಬರೆದಿರದಿದ್ದರೆ ಒಂದು ಗುಟುಕು ಕುಡಿದು ನೋಡಿಯೇ ಮುಂದುವರಿಯಿರಿ.

ಅಡುಗೆಮನೆಯ ಅಳತೆ ಲೋಟದಲ್ಲಿ 50 ಮಿ.ಲೀ.ಯ ಮೂರು ಮಿಶ್ರಣ ಮಾಡಿಕೊಳ್ಳಿ: ಶೆನಿನ್ 35, ಸೊವಿನ್ಯೋನ್ 15; ಎರಡೂ ತಲಾ 25; ಆಮೇಲೆ ಶೆನಿನ್ 15, ಸೊವಿನ್ಯೋನ್ 35. ಬರೀ ವೈನ್ ಕುಡಿದು ತೀರ್ಮಾನ ಮಾಡಬೇಡಿ. ನಿಂಬೆ ಹಿಂಡಿದ ಒಂದು ತುಂಡು ಹುರಿದ ಮೀನು ಬಾಯಿಗೆ ಹಾಕಿಕೊಂಡು ಒಂದೊಂದನ್ನೇ ಸವಿಯಿರಿ. ಬರೀ ಕುಡಿದಾಗ ಹುಳಿ ಅನ್ನಿಸಿದ್ದು ಉಪ್ಪು ಸೋಕಿದ ಕೂಡಲೇ ಮೆತ್ತಗಾಗುತ್ತೆ. ನನ್ನ ಆಯ್ಕೆ ಮೊದಲನೆಯದು. ಅದರಲ್ಲಿ ಶೆನಿನ್‌ನ ಸೇಬಿನ ರುಚಿ ಮುಂದೆ ಬರುತ್ತೆ, ಸೊವಿನ್ಯೋನ್‌ನ ಹಸಿ ಕ್ಯಾಪ್ಸಿಕಂ ವಾಸನೆ ಹಿಂದೆ ನಿಲ್ಲುತ್ತೆ.

ಅದೇ ಅಳತೆ ಹಿಡಿದರೆ ರುಚಿ ನೋಡಿ ಉಳಿದ ಶೆನಿನ್ 675 ಮಿ.ಲೀ.ಗೆ ಸುಮಾರು 290 ಮಿ.ಲೀ. ಸೊವಿನ್ಯೋನ್ ಸಾಕು. ಬಡಿಸುವ ಹೊತ್ತಿಗೆ ಜಗ್‌ನಲ್ಲಿ ಬೆರೆಸಿ. ಹಿಂದಿನ ದಿನವೇ ಬೆರೆಸಿಟ್ಟರೆ ಗಾಳಿ ತಾಗಿ ಪರಿಮಳ ಹೋಗುತ್ತೆ. ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು ಕೊಡಿ, ತೀರಾ ತಣ್ಣಗಿದ್ದರೆ ವಾಸನೆಯೇ ಏಳಲ್ಲ.

ಮಿಕ್ಕ ಸೊವಿನ್ಯೋನ್ ಸುಮ್ಮನೆ ಇಡಬೇಡಿ, ಊಟಕ್ಕೆ ಮುಂಚೆ ಹೆಸರುಬೇಳೆ ಕೋಸಂಬರಿ ಜೊತೆ ಅಷ್ಟಷ್ಟು ಹಾಕಿಕೊಡಿ. ಸೌತೆಕಾಯಿ, ಕೊತ್ತಂಬರಿ, ನಿಂಬೆ ಎಲ್ಲವೂ ಆ ಹಸಿರು ವಾಸನೆಗೆ ಸಹಜವಾಗಿ ಕೂಡಿಕೊಳ್ಳುತ್ತವೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿ ನಮ್ಮ ಅಡುಗೆಯಲ್ಲಿ ಬೇರೆ ಇಲ್ಲ ಅಂತ ನಾನು ಖಂಡಿತ ಹೇಳ್ತೀನಿ. ಹಸಿಮೆಣಸಿನಕಾಯಿ ಮಾತ್ರ ಕೈ ಹಿಡಿದು ಹಾಕಿ.

ಊಟಕ್ಕೆ ಕಾಣೆ ಮೀನಿನ ರವಾ ಫ್ರೈ ಮಾಡಿ, ಮಸಾಲೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ. ಬಣ್ಣ ಬರುತ್ತೆ, ಖಾರ ಏರಲ್ಲ. ಖಾರ ಜಾಸ್ತಿಯಾದರೆ ವೈನ್‌ನಲ್ಲಿರುವ ಆಲ್ಕೋಹಾಲ್ ಉರಿಯನ್ನು ಇನ್ನೂ ಕೆರಳಿಸುತ್ತೆ. ಜೊತೆಗೆ ನೀರ್ ದೋಸೆ, ತೆಂಗಿನಹಾಲಲ್ಲಿ ಬೇಯಿಸಿದ ಸಿಗಡಿ. ತೆಂಗಿನಹಾಲಿನ ಜಿಡ್ಡು ನಾಲಿಗೆಯಲ್ಲಿ ಕೂತಾಗ ಒಂದು ಗುಟುಕು ವೈನ್ ಅದನ್ನು ತೊಳೆದುಬಿಡುತ್ತೆ.

ನಿಮ್ಮ ಅಡುಗೆ ಪಟ್ಟಿಯಲ್ಲಿದ್ದ ಬಂಗುಡೆ ಪುಳಿಮುಂಚಿ (ಹುಣಸೆಹುಳಿ, ಮೆಣಸಿನ ಮೀನು ಸಾರು) ಬೇರೆ ದಿನಕ್ಕಿಡಿ. ಅಡುಗೆಯ ಹುಳಿ ವೈನ್‌ನ ಹುಳಿಗಿಂತ ಜೋರಾದರೆ ವೈನ್ ಸಪ್ಪೆ ಹೊಡೆಯುತ್ತೆ, ಹುಣಸೆ ಮಾಡುವುದು ಅದನ್ನೇ. ಪಾಯಸವನ್ನೂ ಗ್ಲಾಸ್‌ಗಳು ಖಾಲಿಯಾದ ಮೇಲೆ ತನ್ನಿ. ಸಿಹಿ ತಿಂದ ಬಾಯಿಗೆ ಡ್ರೈ ವೈನ್ ಬರೀ ಹುಳಿ ನೀರು.

ಆರು ಜನರಲ್ಲಿ ಮೀನು ತಿನ್ನದವರಿದ್ದರೆ ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿ ರೊಟ್ಟಿ ತಟ್ಟಿ, ಮೇಲೆ ಬೆಣ್ಣೆ ಹಾಕಿ ಕೊಡಿ. ಅದಕ್ಕೆ ಎರಡೂ ಸಮ ಬೆರೆಸಿದ ಗ್ಲಾಸ್ ಹೆಚ್ಚು ಹೊಂದುತ್ತೆ.