ಓದುಗರ ಪ್ರಶ್ನೆ: ಕಳಶದ ಬೆಳ್ಳಿ ರೂಪಾಯಿ ಯುಎನ್‌ಸಿ ಹೌದೋ ಅಲ್ವೋ?

ಪ್ರಶ್ನೆ: ಸಾರ್, ನಮ್ಮತ್ತೆ ಕಾಲದಿಂದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶಕ್ಕೆ ಹಾಕೋ ಒಂದು ಬೆಳ್ಳಿ ರೂಪಾಯಿ ಇದೆ, 1918ನೇ ಇಸವಿದು, ಐದನೇ ಜಾರ್ಜ್ ಮುಖ ಇರೋದು. ಒಂದಿನಾನೂ ಅಂಗಡಿ ಮುಖ ನೋಡಿಲ್ಲ, ಡಬ್ಬಿಯಲ್ಲೇ ಇತ್ತು, ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೀತೀವಿ, ಫಳಫಳ ಅನ್ನುತ್ತೆ. ಮೊನ್ನೆ ನಾಣ್ಯ ಸಂಗ್ರಹ ಮಾಡೋ ಒಬ್ಬರಿಗೆ ತೋರಿಸಿದ್ರೆ ‘ಇದು ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಅಂದ್ರೆ ಚಲಾವಣೆಯಲ್ಲಿ ಸವೆಯದ ನಾಣ್ಯ) ಅಲ್ಲಮ್ಮ’ ಅಂದ್ಬಿಟ್ರು. ಚಲಾವಣೆಗೇ ಬರದಿದ್ದ ನಾಣ್ಯ ಅದು ಹೇಗೆ ಅಲ್ಲ ಆಗುತ್ತೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅವರು ಸರಿಯಾಗೇ ಹೇಳಿದಾರೆ ಮೇಡಂ, ಬೇಜಾರಾಗ್ಬೇಡಿ. ನಾಣ್ಯ ಎಲ್ಲಿತ್ತು ಅನ್ನೋ ಕಥೆ ಸಂಗ್ರಹಕಾರರು ಕೇಳೋದಿಲ್ಲ, ನಾಣ್ಯದ ಮೈ ಏನು ಹೇಳುತ್ತೆ ಅಂತ ನೋಡ್ತಾರೆ. ಟಂಕಸಾಲೆಯಲ್ಲಿ ಎರಡು ಅಚ್ಚಿನ ಮಧ್ಯೆ ಬೆಳ್ಳಿ ಬಿಲ್ಲೆ ಇಟ್ಟು ಒತ್ತಿದಾಗ ಲೋಹ ನಡುವಿಂದ ಅಂಚಿನ ಕಡೆಗೆ ಹರಿಯುತ್ತೆ, ಹಾಗೆ ಹರಿದ ಗುರುತು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಮೈಮೇಲೆ ಉಳಿಯುತ್ತೆ, ಅದಕ್ಕೇನೇ ನಾಣ್ಯನ ಒಂದು ಬಲ್ಬಿನ ಕೆಳಗೆ ಓರೆ ಹಿಡಿದು ತಿರುಗಿಸಿದ್ರೆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಥರ ಸುತ್ತು ಹೊಡೆಯುತ್ತೆ. ಇದನ್ನ ಲಸ್ಟರ್ ಅಂತಾರೆ. ಹುಣಸೆಹಣ್ಣಿನ ಹುಳಿ, ಅದ್ರ ಜೊತೆ ತಿಕ್ಕೋದು, ಎರಡೂ ಸೇರಿ ಈ ಗೆರೆಗಳನ್ನೇ ತಿಂದುಹಾಕುತ್ತೆ. ಆಮೇಲೆ ಉಳಿಯೋ ಹೊಳಪು ಪಾತ್ರೆ ಹೊಳಪು, ಎಲ್ಲಾ ಕಡೆ ಒಂದೇ ಸಮ, ತಿರುಗಿಸಿದ್ರೆ ಬೆಳಕು ಓಡಲ್ಲ.

ಬೇಲೂರಿಗೆ ಹೋದಾಗ ಗಮನಿಸಿ, ಕೈಗೆಟುಕೋ ಎತ್ತರದ ಕಲ್ಲು ಜನ ಮುಟ್ಟಿ ಮುಟ್ಟಿ ನುಣ್ಣಗೆ ಮಿರಮಿರ ಅನ್ನುತ್ತೆ, ಆದ್ರೆ ಉಳಿಯ ಗುರುತು ಚೂಪಾಗಿ ಉಳಿದಿರೋದು ಮೇಲಿರೋ ಮದನಿಕೆಯರಲ್ಲಿ. ನಿಮ್ಮ ರೂಪಾಯಿ ಕೈಗೆಟುಕೋ ಕಲ್ಲಿನ ಥರ ಆಗಿದೆ ಅಷ್ಟೇ.

ಎರಡನೇದು ಸವೆತ. ಮೊದಲು ಸವೆಯೋದು ಎತ್ತರದ ಜಾಗಗಳು. ನಿಮ್ಮ ರೂಪಾಯಲ್ಲಿ ರಾಜನ ಕಿರೀಟ, ಕಿವಿ, ಮೀಸೆ, ಆಮೇಲೆ ನಿಲುವಂಗಿ ಮೇಲಿರೋ ಪುಟ್ಟ ಆನೆ ನೋಡಿ (1911ರ ನಾಣ್ಯದಲ್ಲಿ ಈ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ ಮುಂದಿನ ವರ್ಷ ಅಚ್ಚನ್ನೇ ತಿದ್ದಿದ್ರು). ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್ ಇಟ್ಕೊಂಡು ನೋಡಿದ್ರೆ ಅಲ್ಲಿ ಮಾತ್ರ ಬಣ್ಣ ಮಂಕಾಗಿ ಬೂದಿ ಥರ ಇದ್ರೆ ಸವೆದಿದೆ ಅಂತ. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ಅದನ್ನ ಹಳಬರೂ ಎಡವ್ತಾರೆ, ಕೆಲವು ನಾಣ್ಯಕ್ಕೆ ಟಂಕಸಾಲೆಯಲ್ಲೇ ಒತ್ತು ಕಮ್ಮಿ ಬಿದ್ದು ಕಿವಿ, ಕಿರೀಟ ಪೂರ್ತಿ ಮೂಡಿರಲ್ಲ. ಆ ಮೊಂಡ ಜಾಗದ ಮೇಲೂ ಲಸ್ಟರ್ ಓಡ್ತಿದ್ರೆ ಅದು ಸವೆತ ಅಲ್ಲ, ಹುಟ್ಟಿನಿಂದಲೇ ಹಾಗೆ.

ಗೀರುಗಳಿದ್ರೂ ಯುಎನ್‌ಸಿ ಆಗ್ಬಹುದು. ಹೊಸ ನಾಣ್ಯಗಳನ್ನ ಚೀಲಕ್ಕೆ ಸುರಿದು ಸಾಗಿಸ್ತಿದ್ರು, ಒಂದಕ್ಕೊಂದು ಬಡಿದು ಕಚ್ಚು ಬೀಳುತ್ತೆ, ಅದು ಬ್ಯಾಗ್ ಮಾರ್ಕ್. ಶೆಲ್ಡನ್ ಅನ್ನೋರು 1949ರಲ್ಲಿ ಅಮೆರಿಕದ ಹಳೇ ಸೆಂಟ್ ನಾಣ್ಯಗಳಿಗೆ ಅಂತ ಮಾಡಿದ ಅಳತೆಗೋಲು ಈಗ ಗ್ರೇಡಿಂಗ್‌ನಲ್ಲಿ, ಅಂದ್ರೆ ನಾಣ್ಯದ ಸ್ಥಿತಿಗೆ ಅಂಕ ಕೊಡೋದ್ರಲ್ಲಿ, ಬಳಕೆಯಲ್ಲಿದೆ, ಅದರಲ್ಲಿ 60ರಿಂದ 70 ಸವೆಯದ ನಾಣ್ಯಕ್ಕೆ, 50ರಿಂದ 58 ಒಂಚೂರು ಸವೆದಿದ್ದಕ್ಕೆ. ಕಚ್ಚು ತುಂಬಿದ 60ಕ್ಕಿಂತ 58ರ ನಾಣ್ಯವೇ ಎಷ್ಟೋ ಸಲ ಚೆನ್ನಾಗಿ ಕಾಣುತ್ತೆ, ನಾನಾದ್ರೆ ಕಣ್ಣಿಗೆ ಹಿಡಿಸಿದ 58ನ್ನೇ ತಗೋತೀನಿ.

ನಿಮ್ಮದು 11.66 ಗ್ರಾಂ ತೂಕದ, ನೂರಕ್ಕೆ 91.7 ಬೆಳ್ಳಿ ಇರೋ ರೂಪಾಯಿ, ಬೆಳ್ಳಿ ಬೆಲೆ ಎಲ್ಲೂ ಹೋಗಲ್ಲ. ಈ ಸಲ ಕಳಶಕ್ಕೆ ಇಡುವಾಗ ಬರೀ ನೀರಲ್ಲಿ ಅದ್ದಿ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರೆಸಿ, ತಿಕ್ಕಬೇಡಿ, ದೇವಿ ಬೇಡ ಅನ್ನಲ್ಲ.

ಪ್ರಶ್ನೆ: ಪ್ರೂಫ್ ನಾಣ್ಯ ಅಂದ್ರೆ ಯುಎನ್‌ಸಿಗಿಂತ ಮೇಲಿನ ಗ್ರೇಡಾ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಅಲ್ಲಪ್ಪ. ಪ್ರೂಫ್ ಅನ್ನೋದು ತಯಾರಿಸೋ ವಿಧಾನ. ಅಚ್ಚು, ಬಿಲ್ಲೆ ಎರಡನ್ನೂ ಪಾಲಿಶ್ ಮಾಡಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ ಸಂಗ್ರಹಕಾರರಿಗೆ ಅಂತಲೇ ಮಾಡ್ತಾರೆ. ಅದನ್ನೂ ಜೇಬಲ್ಲಿಟ್ಟು ಓಡಾಡಿದ್ರೆ ಸವೆಯುತ್ತೆ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಏಳು ಬೆಳ್ಳಿ ರೂಪಾಯಿ ಸಿಕ್ಕಿದಾವೆ, ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ರು, ಕಪ್ಪಾಗಿವೆ. ತೊಳೆಸಿ ಮಾರ್ಲಾ?
– ಓದುಗರು, ಸಕಲೇಶಪುರ

ಉತ್ತರ: ದಯವಿಟ್ಟು ತೊಳೀಬೇಡಿ. ಕಪ್ಪು ಅಂದ್ರೆ ಸವೆತ ಅಲ್ಲ, ಬೆಳ್ಳಿಗೆ ಗಂಧಕ ತಾಗಿ ಬರೋ ಪದರ, ಟೋನಿಂಗ್ ಅಂತಾರೆ. ಆ ಕಪ್ಪಿನ ಕೆಳಗೂ ಬೆಳಕು ಸುತ್ತು ಹೊಡೀತಿದ್ರೆ ಯುಎನ್‌ಸಿನೇ ಇರ್ಬಹುದು, ತೊಳೆದ ಮರುಕ್ಷಣ ಆ ಅವಕಾಶ ಹೋಯ್ತು. ಅಂಚು ಹಿಡ್ಕೊಂಡು ನೋಡಿ, ಕೆಳಗೆ ಟವೆಲ್ ಹಾಸಿರಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಥಂಡಿ ಬಿಡಲ್ಲ, ಡಬ್ಬಿಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಅಗ್ಗದ ಪಿವಿಸಿ ಕವರ್ ಬೇಡ, ಹಸಿರು ಅಂಟು ಬಿಡುತ್ತೆ. ರಬ್ಬರಲ್ಲೂ ಗಂಧಕ ಇರುತ್ತೆ, ಆ ಬ್ಯಾಂಡನ್ನ ಇವತ್ತೇ ಬಿಚ್ಚಿ.