ಪ್ರತಿಕ್ರಿಯೆ: ಕ್ಲಿನಿಕ್ಕಾ, ಕಾಲೇಜಾ?

ದಾವಣಗೆರೆಯಲ್ಲಿ ಎಂಡಿ ಮುಗಿಸಿದ್ದೀರಿ, ಈಗ ಸೀನಿಯರ್ ರೆಸಿಡೆಂಟ್ (ಎಂಡಿ ನಂತರ ಆಸ್ಪತ್ರೆಯಲ್ಲಿ ಮಾಡುವ ವೈದ್ಯರ ಕೆಲಸ) ಆಗಿದ್ದೀರಿ. ಮನೆಯಲ್ಲಿ ಕ್ಲಿನಿಕ್ ಹಾಕು ಅಂತಾರೆ. ವಿಭಾಗದಲ್ಲಿ ನಿಮ್ಮನ್ನು ಬಿಟ್ಟರೆ ಬೇರೆ ಮುಸ್ಲಿಂ ಹೆಣ್ಣುಮಗಳಿಲ್ಲ, ಪಾಠ ಮಾಡುವ ಕೆಲಸದಲ್ಲಿ ಮುಂದೆ ಬರೋಕಾಗುತ್ತಾ ಅಂತ ಕೇಳಿದ್ದೀರಿ.

ಆಗುತ್ತೆ ಮೇಡಂ. ಚಿತ್ರದುರ್ಗದಿಂದ ದಿನಾ ಬಸ್ಸಲ್ಲಿ ಓಡಾಡಿಕೊಂಡೇ ನಾನೂ ಇದೇ ದಾರಿ ಹಿಡಿದವಳು. ಎಂಡಿ ನಂತರ ಒಂದು ವರ್ಷದ ರೆಸಿಡೆನ್ಸಿ ಮುಗಿದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಚೆನ್ನೈ ಸಂಸ್ಥೆ ನಡೆಸುವ ಬಯೋಮೆಡಿಕಲ್ ರಿಸರ್ಚ್ ಕೋರ್ಸ್ ಆನ್‌ಲೈನ್‌ನಲ್ಲಿದೆ, ಈಗಲೇ ಮುಗಿಸಿಬಿಡಿ.

ನಿಜವಾದ ತೊಡಕು ಆಮೇಲೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2022ರ ನಿಯಮದಲ್ಲಿ, ಮುಂದಿನ ಮೆಟ್ಟಿಲಾದ ಸಹ ಪ್ರಾಧ್ಯಾಪಕ ಹುದ್ದೆಗೆ 4 ವರ್ಷ ಸೇವೆ, 2 ಸಂಶೋಧನಾ ಲೇಖನ ಬೇಕು ಅಂತಿತ್ತು. ಲೇಖಕರ ಪಟ್ಟಿಯಲ್ಲಿ ನಮ್ಮ ಹೆಸರು ಮೊದಲ ಮೂರರೊಳಗಿರಬೇಕಿತ್ತು, ಇಲ್ಲವೇ ನಾವೇ ಕರೆಸ್ಪಾಂಡಿಂಗ್ ಆಥರ್ (ಪತ್ರಿಕೆಯ ಜೊತೆ ಪತ್ರವ್ಯವಹಾರ ನೋಡಿಕೊಳ್ಳುವ ಲೇಖಕರು) ಆಗಿರಬೇಕಿತ್ತು. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ವಾರ್ಡ್ ವಾರ್ಡ್ ಅಲೆದು ಕೇಸ್ ಶೀಟ್ ಕೂಡಿಸಿದ್ದು ನಾನು, ಅಚ್ಚಾದಾಗ ನನ್ನ ಹೆಸರು ಐದನೆಯದು! ಕೇಳೋಕೆ ಸಂಕೋಚ, ಸುಮ್ನೆ ಇದ್ದುಬಿಟ್ಟೆ. ನೀವು ಹಾಗೆ ಮಾಡಬೇಡಿ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗುವ ಮೊದಲೇ ಹೆಸರಿನ ಕ್ರಮ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮಾತಲ್ಲಿ ಒಪ್ಪಿದ್ದು ಲೆಕ್ಕಕ್ಕಿಲ್ಲ.

ಮಾರ್ಗದರ್ಶಕರು ನಿಮ್ಮ ಸಮುದಾಯದವರೇ ಆಗಬೇಕಿಲ್ಲ. ನನಗೆ ಕೈಹಿಡಿದು ಪೇಪರ್ ಬರೆಯಲು ಕಲಿಸಿದವರು ಲಿಂಗಾಯತ ಮನೆಯ ಹಿರಿಯ ಮೇಡಂ ಒಬ್ಬರು, ತುಂಬಾ ಖಡಕ್.

ಇನ್ನು ಮದುವೆ, ಮಗು ಅಂತ ಮನೆಯವರ ಚಿಂತೆ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಕಾನೂನಲ್ಲೇ ಇದೆ, ಖಾಸಗಿ ಕಾಲೇಜಿಗೂ ಅನ್ವಯಿಸುತ್ತೆ. ಸ್ವಂತ ಕ್ಲಿನಿಕ್‌ನಲ್ಲಿ ಆ ರಜೆ ಕೊಡುವವರು ಯಾರು ಅಂತ ಅಮ್ಮನನ್ನೇ ಕೇಳಿ ನೋಡಿ!