ಸಹಿ ನಿಮ್ಮದೇ ಆಗಿರಬೇಕು

ಲ್ಯಾಪರೋಸ್ಕೋಪಿಗೆ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಒಳಗೆ ನೋಡುವುದು) ಮುಂಚೆ ಕೊಟ್ಟ ಫಾರ್ಮಿನಲ್ಲಿ 'ಅಗತ್ಯವೆನಿಸಿದ ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ' ಅಂತ ಇದೆ, ಗಂಡನ ಸಹಿಯೂ ಬೇಕಂತೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಮೊದಲು ಆ ಸಾಲಿನ ವಿಷಯ. ಸುಮ್ನೆ ಸಹಿ ಹಾಕಬೇಡಿ. ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಹಿಳೆ ಒಪ್ಪಿದ್ದು ಲ್ಯಾಪರೋಸ್ಕೋಪಿಗೆ ಮಾತ್ರ. ಅವರು ಅರಿವಳಿಕೆಯಲ್ಲಿದ್ದಾಗ, ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಮಗಳಿಗೆ ಆಗ 44 ವರ್ಷ! ಪ್ರಾಣಾಪಾಯ ಇರಲಿಲ್ಲ, ಎಚ್ಚರವಾದ ಮೇಲೆ ಕೇಳಬಹುದಿತ್ತು, ಹಾಗಾಗಿ ತಾಯಿಯ ಒಪ್ಪಿಗೆ ನಡೆಯಲ್ಲ ಎಂದು ಕೋರ್ಟ್ 2008ರಲ್ಲಿ ಹೇಳಿತು. ಪರಿಹಾರ ಬರೀ 25,000 ರೂಪಾಯಿ. ನನಗಂತೂ ತೀರಾ ಕಡಿಮೆ ಅನಿಸಿತು. ಆದರೆ ತೀರ್ಪು ನಿಮ್ಮ ಕಡೆಗಿದೆ.

ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ನಿನಲ್ಲೇ ಬರೆಯಿರಿ: 'ಪ್ರಾಣಾಪಾಯ ಇದ್ದರೆ ಬಿಟ್ಟು, ಬೇರೇನನ್ನೂ ನನ್ನನ್ನು ಕೇಳದೆ ಮಾಡಬಾರದು.' ಸಹಿ, ತಾರೀಕು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಆಪರೇಷನ್ ದಿನ ಬೆಳಿಗ್ಗೆ ಅಲ್ಲ, ಹಿಂದಿನ ಭೇಟಿಯಲ್ಲೇ ಇದನ್ನು ಡಾಕ್ಟರ್ ಹತ್ತಿರ ಮಾತಾಡಿ. ಗೌನು ಹಾಕಿಕೊಂಡು ಮಲಗಿದ ಮೇಲೆ ವಾದ ಮಾಡೋದು ಯಾರಿಗೂ ಸುಲಭವಲ್ಲ.

ಗಂಡನ ಸಹಿ? ನಿಮಗೆ 18 ತುಂಬಿದೆ, ಬುದ್ಧಿ ಸ್ವಾಧೀನದಲ್ಲಿದೆ, ಅಷ್ಟು ಸಾಕು. ಸಾಕ್ಷಿಯಾಗಿ ಅವರು ಹಾಕುವುದು ಬೇರೆ, ಅನುಮತಿ ಕೊಡುವುದು ಬೇರೆ. ಗರ್ಭಪಾತಕ್ಕೂ ಅಷ್ಟೇ. 1971ರ ಕಾಯ್ದೆ ವಯಸ್ಕ ಮಹಿಳೆಯ ಒಪ್ಪಿಗೆಯನ್ನಷ್ಟೇ ಕೇಳುತ್ತದೆ. ಆದರೂ ಎಷ್ಟೋ ಆಸ್ಪತ್ರೆಗಳು ಅಭ್ಯಾಸಬಲದಿಂದ ಗಂಡನನ್ನು ಕರೆಸುತ್ತವೆ. ಬೇಕೇ ಬೇಕು ಅಂದರೆ, ಯಾವ ನಿಯಮದಡಿ ಅಂತ ಬರೆದುಕೊಡಲು ಕೇಳಿ.